ಎಂಟು ತಿಂಗಳ ನಾಯಿ ಮತ್ತು ಊರ ಕಾವಲು

ಕಳಲೆಯಿಂದ ನಂಜನಗೂಡಿಗೋ ತಿ. ನರಸೀಪುರದ ಕಡೆಗೋ ದಿನಾ ಬೈಕಿನಲ್ಲಿ ಓಡಾಡುವವರಿಗೆ ಒಂದು ಲೆಕ್ಕ ಬಾಯಿಪಾಠ ಆಗಿರುತ್ತದೆ. ಯಾವ ಗೇಟಿನ ಮುಂದೆ ವೇಗ ತಗ್ಗಿಸಬೇಕು, ಯಾವ ತೋಟದ ತಿರುವಿನಲ್ಲಿ ಕಾಲು ಮೇಲೆತ್ತಿಕೊಳ್ಳಬೇಕು ಎಂಬ ಲೆಕ್ಕ. ಪೋಸ್ಟ್‌ಮ್ಯಾನ್, ಆಶಾ ಕಾರ್ಯಕರ್ತೆ, ಕರೆಂಟ್ ಮೀಟರ್ ನೋಡುವವರು, ಸ್ಕೂಲಿಗೆ ನಡೆದು ಹೋಗುವ ಮಕ್ಕಳು, ಎಲ್ಲರಿಗೂ ಇದು ಗೊತ್ತು. ನಾಯಿ ಸಾಕಿದವರನ್ನು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಮರಿ ಇದ್ದಾಗ ಬಲು ಸಾಧು ಕಣಣ್ಣ, ಎಂಟು ತಿಂಗಳು ತುಂಬುತ್ತಿದ್ದಂಗೆ ಹಿಂಗಾಯ್ತು.’

ನಾಯಿ ದಿಢೀರನೆ ಹೀಗಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಇದರ ಹಿಂದೆ ನಮ್ಮ ಸೀಮೆಯದೇ ಒಂದು ಉದ್ದನೆಯ ಚರಿತ್ರೆ ಇದೆ.

ಮೊದಲು ಒಂದು ನಾಯಿಯ ಕಥೆ. ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿ. ಆ ವಂಶದ ಇಮ್ಮಡಿ ಬೂತುಗ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳರ ವಿರುದ್ಧ ಕಾದಿದ. ತಕ್ಕೋಲ ಈಗ ತಮಿಳುನಾಡಿನಲ್ಲಿದೆ. ಚೋಳ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ್ದಕ್ಕೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೇರ ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿ ಕೇಳಿ ಪಡೆದ. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟರು. ಹಂದಿ, ನಾಯಿ ಎರಡೂ ಕಾದಾಡಿ ಸತ್ತವು. (ಕೆಳಲೆ ಎಂದರೆ ನಮ್ಮ ಕಳಲೆ ಅಲ್ಲ. ಹೆಸರು ಹತ್ತಿರ, ಸೀಮೆ ಮದ್ದೂರಿನದು.) ನಾಯಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದರು. ಕಾಲ ಸುಮಾರು ಕ್ರಿ.ಶ. 949–50. ನಾಯಿ ಮತ್ತು ಹಂದಿ ಕಾದಾಡುವ ಚಿತ್ರವನ್ನೂ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಶಾಸನದಲ್ಲಿ ಗಮನಿಸಬೇಕಾದ ಮಾತು ‘ಬಿಟ್ಟರು’ ಎನ್ನುವುದು. ಕಾಳಿ ತಾನಾಗಿ ಯಾರ ಮೇಲೂ ಏರಿಹೋಗಲಿಲ್ಲ. ಯಾವುದರ ಮೇಲೆ, ಯಾವಾಗ ಬಿಡಬೇಕು ಎಂದು ತೀರ್ಮಾನಿಸಿದವರು ಮನುಷ್ಯರು. ಬೇಟೆನಾಯಿ ಸಾಕಿದವರಿಗೆ ಇದೊಂದು ವಿದ್ಯೆಯೇ ಆಗಿತ್ತು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆಗಳ ಜೊತೆ ನಾಯಿಗಳಿಗೂ ಒಂದು ಭಾಗ ಮೀಸಲಿದೆ.

ಅದು ಅರಮನೆಯ ಮಾತಾಯಿತು. ಊರಿನ ನಾಯಿಯ ಬದುಕು ಬೇರೆ. ಅದಕ್ಕೆ ಒಡೆಯ ಒಬ್ಬನೇ ಅಲ್ಲ. ಜಗಲಿಯಲ್ಲಿ ಮಲಗುತ್ತಿತ್ತು, ಕಣದಲ್ಲಿ ತಿರುಗುತ್ತಿತ್ತು, ಸಂತೆ ದಿನ ಸಂತೆಗೂ ಹೋಗುತ್ತಿತ್ತು. ಬಳೆಗಾರ, ಬುಡುಬುಡಿಕೆಯವ, ಗೊರವಯ್ಯ, ಕುರಿ ಮಂದೆಯವರು, ಹೀಗೆ ಹುಟ್ಟಿದ ತಿಂಗಳಿಂದಲೇ ನೂರಾರು ಹೊಸ ಮುಖ ನೋಡುತ್ತಿತ್ತು. ಹೊಸಬರು ಬಂದರೆ ಬೊಗಳುತ್ತಿತ್ತು, ಹತ್ತು ಹೆಜ್ಜೆ ಹಿಂದೆ ಬರುತ್ತಿತ್ತು, ಆಮೇಲೆ ಬಿಟ್ಟುಬಿಡುತ್ತಿತ್ತು. ಆ ಕಾಲದ ನಾಯಿಗಳೆಲ್ಲ ಸಾಧು ಎಂದು ಹೇಳುವುದಕ್ಕೆ ನಾವೇನೂ ಹೊರಟಿಲ್ಲ, ಕಚ್ಚುವುದೂ ಇತ್ತು. ಆದರೆ ಬಂದವನು ಕಳ್ಳನೋ ನೆಂಟನೋ ಎಂದು ತೀರ್ಮಾನಿಸುವ ಕೆಲಸ ನಾಯಿಯದಾಗಿರಲಿಲ್ಲ.

ಆ ಕೆಲಸಕ್ಕೆ ಜನ ಇದ್ದರು. ಕಳಲೆ ದಳವಾಯಿಗಳ ಊರು. 18ನೇ ಶತಮಾನದ ನಡುವೆ ಮೈಸೂರಿನ ಅಧಿಕಾರ ನಿಜವಾಗಿ ಇದ್ದದ್ದು ಈ ಮನೆತನದ ದೇವರಾಜಯ್ಯ, ನಂಜರಾಜಯ್ಯ ಸೋದರರ ಕೈಯಲ್ಲಿ. ಆದರೆ ಊರೂರಿನ ಕಾವಲು ದಳವಾಯಿಯ ಸೈನ್ಯದ್ದಲ್ಲ, ಆಯಗಾರರದ್ದು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗೌಡ, ಶಾನುಭೋಗ, ನೀರುಗಂಟಿಯರ ಜೊತೆ ತಳವಾರ, ತೋಟಿ ಎಂಬ ಇಬ್ಬರು ಇರುತ್ತಿದ್ದರು. ರಾತ್ರಿ ಗಸ್ತು, ಕಳ್ಳರ ಪತ್ತೆ, ಪೈರಿನ ಕಾವಲು, ಊರಿಗೆ ಬಂದ ಹೊಸಬರ ವಿಚಾರಣೆ ಇವರ ಪಾಲಿಗೆ. ನಾಯಿ ಬೊಗಳಿದರೆ ತಳವಾರ ಎದ್ದು ‘ಯಾರಪ್ಪ ಅದು?’ ಅಂತ ಕೇಳುತ್ತಿದ್ದ. ಜಾತಿಗೆ ಕಟ್ಟಿದ, ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳಿಗೆ ದುಡಿಸಿಕೊಂಡ ಪದ್ಧತಿ ಅದು, ಹೋಗಿದ್ದು ಒಳ್ಳೆಯದೇ ಆಯಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿಯಿಂದ ಜಾರಿಯಾಗಿ ವಂಶಪಾರಂಪರ್ಯದ ಹುದ್ದೆಗಳು ಮುಗಿದವು.

ಕಾವಲಿನ ಅಗತ್ಯ ಮಾತ್ರ ಉಳಿಯಿತು. ಜಗಲಿ ಹೋಗಿ ಕಾಂಪೌಂಡ್ ಬಂತು, ತೋಟದಲ್ಲಿ ಮೋಟರು, ಕೇಬಲ್ಲು ಬಂತು, ಅದನ್ನು ಕದಿಯುವವರೂ ಬಂದರು. ಎಷ್ಟೋ ಮನೆಗಳಲ್ಲಿ ತಳವಾರನ ಕೆಲಸ ಈಗ ಸರಪಳಿಯ ತುದಿಯಲ್ಲಿರುವ ನಾಯಿಗೆ ಬಿದ್ದಿದೆ. ಬೊಗಳುವುದೂ ಅದೇ, ತೀರ್ಪು ಕೊಡುವುದೂ ಅದೇ. ‘ಚುರುಕಾಗಲಿ’ ಎಂದು ಅದಕ್ಕೆ ಕೊಡುವ ತರಬೇತಿಯೋ, ದೇವರೇ ಕಾಪಾಡಬೇಕು. ಮರಿಯನ್ನು ಯಾರೂ ಮುಟ್ಟಬಾರದು, ಹೊರಗೆ ಬಿಡಬಾರದು, ಹಗಲೆಲ್ಲ ಕಟ್ಟಿ ಹಾಕಬೇಕು. ಕೆಲವರು ಮೆಣಸಿನಕಾಯಿ ತಿನ್ನಿಸುತ್ತಾರೆ, ಕೆಲವರು ಕಿವಿಯ ತುದಿ ಕತ್ತರಿಸುತ್ತಾರೆ.

ಮರಿಯನ್ನು ಜನರಿಂದ ದೂರ ಇಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಮೇನ್ ರಾಜ್ಯದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬವರು ಎತ್ತರದ ಬೇಲಿ ಹಾಕಿದ ಜಾಗದಲ್ಲಿ, ಮನುಷ್ಯರ ಮುಖ ಕಾಣದಂತೆ ಮರಿಗಳನ್ನು ಬೆಳೆಸಿದರು. ಕೆಲವು ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಹೊರತಂದು ಜನರ ಜೊತೆ ಆಡಿಸಿದರು. 14 ವಾರದವರೆಗೂ ಹೊರಗೆ ಬಾರದ ಮರಿಗಳು ಕಾಡುಪ್ರಾಣಿಯ ಹಾಗಾದವು, ಆಮೇಲೆ ಎಷ್ಟು ಮುದ್ದಿಸಿದರೂ ಭಯ ಪೂರ್ತಿ ಹೋಗಲಿಲ್ಲ. ಇದು ಪ್ರಕಟವಾಗಿದ್ದು 1961ರಲ್ಲಿ, ನಮ್ಮಲ್ಲಿ ಗ್ರಾಮಾಧಿಕಾರ ರದ್ದಿನ ಕಾಯ್ದೆ ಬಂದ ವರ್ಷವೇ. ಅದೇ ಪ್ರಯೋಗಾಲಯದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ನಾಯಿಗಳ ನಡವಳಿಕೆಯ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಮರಿ ಜನರಿಗೆ ಹೊಂದಿಕೊಳ್ಳುವ ಮುಖ್ಯ ಕಾಲ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಎಂಬ ತಿಳಿವಳಿಕೆ ಬಂದಿದ್ದು ಇವರಿಂದ. ನಾವು ಮರಿಯನ್ನು ತಂದು ಗೂಟಕ್ಕೆ ಕಟ್ಟುವುದು ಸರಿಯಾಗಿ ಆ ಕಾಲದಲ್ಲೇ.

ಹಾಗೆ ಬೆಳೆದ ಮರಿ ಚಿಕ್ಕದಿದ್ದಾಗ ಹೆದರಿ ಮೂಲೆಗೆ ಸರಿಯುತ್ತದೆ. ನಾವು ಅದನ್ನು ‘ಸಾಧು’ ಅನ್ನುತ್ತೇವೆ. ಆರೇಳು ತಿಂಗಳಿಗೆ ಹರೆಯ ಬರುತ್ತದೆ, ಹಲ್ಲು ಬಲಿಯುತ್ತದೆ, ಧೈರ್ಯ ಬರುತ್ತದೆ. ಅದೇ ಹೆದರಿಕೆ ಈಗ ಮುಂದಕ್ಕೆ ಹಾರುತ್ತದೆ. ಹಾರಿದಾಗ ಪೋಸ್ಟ್‌ಮ್ಯಾನ್ ಹಿಂದೆ ಸರಿದು ಹೋಗುತ್ತಾನೆ. ಅವನು ಹೋಗುವುದು ತನ್ನ ಕೆಲಸ ಮುಗಿದದ್ದಕ್ಕೆ, ನಾಯಿಗೆ ಅನ್ನಿಸುವುದು ತಾನು ಓಡಿಸಿದೆ ಎಂದು. ದಿನಾ ಗೆಲ್ಲುವ ಆಟವನ್ನು ಯಾರು ಬಿಡುತ್ತಾರೆ? ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ನಾಯಿಗಳೇ ಎಂಟು ತಿಂಗಳಿಗೆ ಸಾಕಿದವರ ಮಾತನ್ನು ಕಡಿಮೆ ಕೇಳುತ್ತವೆ. ನಮ್ಮ ಊರಿನವರು ಹೇಳುವ ಎಂಟು ತಿಂಗಳೂ ಅದೇ.

ಹೊಡೆದರೆ ಏನಾಗುತ್ತದೆ? ಹೊಸಬರು ಬಂದಾಗಲೆಲ್ಲ ಏಟು ಬೀಳುತ್ತದೆ ಎಂದು ನಾಯಿ ಕಲಿಯುತ್ತದೆ. ಹೊಸಬರ ಮೇಲಿನ ಸಿಟ್ಟು ಇನ್ನೂ ಹೆಚ್ಚುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಗುರುಗುಟ್ಟುವುದನ್ನು ಬಿಟ್ಟು, ಸದ್ದಿಲ್ಲದೆ ಕಚ್ಚುವುದನ್ನು ಕಲಿಯಬಹುದು.

ಮಾಡಬೇಕಾದದ್ದು ನಿಧಾನದ ಕೆಲಸ. ಹೊಸಬರನ್ನು ಕಂಡರೂ ನಾಯಿ ಬೊಗಳದಷ್ಟು ದೂರ ಎಷ್ಟು ಎಂದು ಮೊದಲು ನೋಡಿಕೊಳ್ಳಿ. ಐವತ್ತು ಹೆಜ್ಜೆ ಇರಬಹುದು. ಗಟ್ಟಿ ಬೆಲ್ಟು, ಹಗ್ಗ ಹಾಕಿ ಅಲ್ಲಿ ನಿಲ್ಲಿಸಿ. ಹೊಸಬರು ಕಂಡ ಕೂಡಲೇ ಅದಕ್ಕೆ ಇಷ್ಟವಾದ ತಿಂಡಿ, ಮೊಟ್ಟೆಯ ಚೂರೋ ಮಾಂಸದ ಚೂರೋ, ಕೊಡಿ. ಅವರು ಮರೆಯಾದ ಮೇಲೆ ತಿಂಡಿಯೂ ನಿಲ್ಲಲಿ. ದಿನಾ ಹತ್ತು ನಿಮಿಷ ಸಾಕು. ಹಲವು ವಾರಗಳಲ್ಲಿ ಐವತ್ತು ಹೆಜ್ಜೆ ನಲವತ್ತಾಗುತ್ತದೆ, ಮೂವತ್ತಾಗುತ್ತದೆ. ಬೊಗಳಿದರೆ ಬೈಯಬೇಡಿ, ಹಿಂದಕ್ಕೆ ಕರೆದೊಯ್ಯಿರಿ. ಬಂದವರು ಅದರ ಕಣ್ಣನ್ನೇ ದಿಟ್ಟಿಸಿ ನೋಡಬಾರದು, ಮೇಲೆ ಬಗ್ಗಿ ತಲೆ ಸವರಬಾರದು. ಕಚ್ಚುವ ನಾಯಿಗೆ ಬಾಯಿಕುಕ್ಕೆ ಹಾಕಿ, ಆದರೆ ಬಾಯಿ ತೆರೆದು ಉಸಿರಾಡಲು, ನೀರು ಕುಡಿಯಲು ಆಗುವಂಥದ್ದು. ಮನೆಗೆ ಜನ ಬರುವ ಹೊತ್ತಿಗೆ ಗೇಟಿನಿಂದ ದೂರ, ಹಿತ್ತಲಲ್ಲಿರಲಿ. ಇಷ್ಟು ಮಾಡಿದರೂ ಕೆಲವು ನಾಯಿಗಳು ಪೂರ್ತಿ ಬದಲಾಗುವುದಿಲ್ಲ, ಅಂಥವನ್ನು ಜೀವನವಿಡೀ ಎಚ್ಚರದಿಂದಲೇ ಇಟ್ಟುಕೊಳ್ಳಬೇಕಾಗುತ್ತದೆ.

ಸಾಧುವಾಗಿದ್ದ ನಾಯಿ ಎರಡು ಮೂರು ದಿನದಲ್ಲೇ ಬದಲಾಗಿ, ಜೊಲ್ಲು ಸುರಿಸುತ್ತಾ, ನೀರು ನುಂಗಲಾಗದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದರೆ ಅದು ಹರೆಯದ ಸಮಸ್ಯೆ ಅಲ್ಲ, ಹುಚ್ಚು ಇರಬಹುದು. ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಿ.

ಹುಚ್ಚುನಾಯಿಯ ಭಯ ಹಿರಿಯರಿಗೆ ಚೆನ್ನಾಗಿ ಗೊತ್ತು. ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ 1907ರಲ್ಲಿ ಶುರುವಾಗಿದ್ದು ನಮಗೆ ಹತ್ತಿರದ ಕೂನೂರಿನಲ್ಲೇ, ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಹತ್ತಿದರೆ ಸಿಗುತ್ತದೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಅಜ್ಜಂದಿರು ಹೇಳುತ್ತಿದ್ದದ್ದು 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ತಯಾರಿಸಿದ ಬಗೆಯ ಲಸಿಕೆ. ಭಾರತದಲ್ಲಿ ಅದು ನಿಂತಿದ್ದು 2004ರಲ್ಲಿ. ಈಗ ಚುಚ್ಚುವುದು ತೋಳಿಗೆ, ನಾಲ್ಕೈದು ಸಲ ಮಾತ್ರ. ಕಚ್ಚಿದ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಮೆತ್ತಬೇಡಿ. ನಾಯಿಗೂ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಬೇಕು.

ಕಾನೂನು ಕೂಡ ಹೊಸದಲ್ಲ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಶಿಕ್ಷೆ ಎಂದು 1860ರ ದಂಡಸಂಹಿತೆಯ 289ನೇ ಕಲಮಿನಲ್ಲೇ ಇತ್ತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು: ಆರು ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ಅದು ಕಚ್ಚೋ ನಾಯಿ, ಹುಷಾರು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳುತ್ತಿರುತ್ತಾರೆ.

ಇದೆಲ್ಲ ತಲೆನೋವು ಬೇಡ ಎಂದು ಕೆಲವರು ರಾತ್ರಿ ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಹೊಳೆಯಾಚೆ ಯಾವುದೋ ಊರಿನ ಗಡಿಯಲ್ಲಿ ಬಿಟ್ಟು ಬರುತ್ತಾರೆ. ಗೂಟ ಬಿಟ್ಟು ಆಚೆಗೆ ಏನೂ ನೋಡದ ನಾಯಿ, ಒಂದು ಪರಿಚಯದ ಮುಖವೂ ಇಲ್ಲದ ಊರಲ್ಲಿ ಬೆಳಗ್ಗೆ ಎದ್ದು, ಸ್ಕೂಲಿಗೆ ಹೋಗುವ ಮಕ್ಕಳ ಎದುರಿಗೆ ನಿಲ್ಲುತ್ತದೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ, ಆ ಕಾಯ್ದೆಯಲ್ಲಿ ಬರೆದಂತೆ, 10 ರೂಪಾಯಿಯಿಂದ 50 ರೂಪಾಯಿ.