ಈ ಕಲ್ಲುಗಳು ಏನು ಹೇಳುತ್ತವೆ?



ಜೋರ್ಡನ್ ನದಿಯನ್ನು ದಾಟಿದ ಮೇಲೆ ಯೆಹೋಶುವ ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿದರು. ಮುಂದೊಂದು ದಿನ ಮಕ್ಕಳು ಅವುಗಳ ಅರ್ಥ ಕೇಳಬೇಕು, ಹಿರಿಯರು ತಿಳಿಸಿ ಹೇಳಬೇಕು ಎಂಬುದೇ ಅದರ ಉದ್ದೇಶ. ಕೇಳುವವರೂ ಹೇಳುವವರೂ ಇಲ್ಲದಿದ್ದರೆ ಸ್ಮಾರಕವೂ ಬರೀ ಕಲ್ಲೇ.

ನಮ್ಮ ಬಳಗಾನೂರಿನ ನೆರೆಯ ಮಸ್ಕಿಯನ್ನೇ ನೋಡೋಣ. ಅಲ್ಲಿನ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಶಾಸನವಿದೆ. ಶತಮಾನಗಳ ಕಾಲ ಅದನ್ನು ಓದಬಲ್ಲವರೇ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಅದನ್ನು ಪತ್ತೆಹಚ್ಚಿದರು; ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಅದರಲ್ಲಿತ್ತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಿಂದ ಉನ್ನತಿ ಪಡೆಯಬಲ್ಲರು ಎಂಬುದು ಅದರ ಸಾರ. ಓದಿದ ಮೇಲೆಯೇ ಆ ಬಂಡೆ ನಮ್ಮದಾಯಿತು.

ಎಲ್ಲ ಸ್ಮಾರಕಗಳೂ ಹೀಗೆ ಸರ್ವಸಮ್ಮತವಲ್ಲ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಕೋಟೆಯನ್ನು ಗೆದ್ದುಕೊಂಡಿತು. ಆ ಮುತ್ತಿಗೆಯಲ್ಲಿ ಮಡಿದ ತಮ್ಮವರಿಗಾಗಿ ಬ್ರಿಟಿಷರು ನಗರದಲ್ಲಿ ಒಂದು ಸ್ಮಾರಕ ಸ್ತಂಭವನ್ನು ನಿಲ್ಲಿಸಿದರು. ಕೋಟೆಯನ್ನು ಕಾಯುತ್ತಾ ಪ್ರಾಣಬಿಟ್ಟ ಕಿಲ್ಲೇದಾರ ಬಹಾದೂರ್ ಖಾನ್ ಮತ್ತು ಆತನ ಸೈನಿಕರಿಗಾಗಿ ನಿಲ್ಲಿಸಿದ ಸ್ತಂಭ ಅದಲ್ಲ. ಸ್ವಾತಂತ್ರ್ಯಾನಂತರ ಅದು ದಾಸ್ಯದ ಗುರುತೆಂಬ ಕೂಗೆದ್ದು, 1964ರಲ್ಲಿ ಅದನ್ನು ಕೆಡವಲಾಯಿತು. ಜನರ ನೋವು ಸುಳ್ಳಲ್ಲ. ಆದರೆ ಸ್ತಂಭ ಹೋದ ಮಾತ್ರಕ್ಕೆ ಕೋಟೆ ಕಾದವರ ನೆನಪು ಮರಳಿತೇ? ಅಲ್ಲಿ ನಿಂತು "ಇದೇನು?" ಎಂದು ಕೇಳಲು ಮಕ್ಕಳಿಗೆ ಏನೂ ಉಳಿಯಲಿಲ್ಲ.

ಬೇರೆ ದಾರಿಗಳೂ ಇವೆ. ಹೈಕೋರ್ಟಿನ ಎದುರಿಗಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಒಡೆಯದೆ ಕಬ್ಬನ್ ಉದ್ಯಾನದೊಳಕ್ಕೆ ಸ್ಥಳಾಂತರಿಸಿದರು. ಆ ಉದ್ಯಾನಕ್ಕೆ 1927ರಲ್ಲೇ ಶ್ರೀ ಚಾಮರಾಜೇಂದ್ರರ ಹೆಸರಿಟ್ಟಿದ್ದರೂ ಜನರ ಬಾಯಲ್ಲಿ ಉಳಿದದ್ದು ಹಳೆಯ ಹೆಸರೇ. ಸ್ಮರಣೆ ಆಜ್ಞೆಗೆ ಬಗ್ಗುವುದಿಲ್ಲ.

ಇನ್ನೊಂದು ದಾರಿ ಹಲಸೂರಿನದು. ಭಾಷೆಯ ವಿವಾದದಿಂದಾಗಿ ಅಲ್ಲಿನ ತಿರುವಳ್ಳುವರ್ ಪ್ರತಿಮೆ 1991ರಿಂದ 18 ವರ್ಷ ಮುಸುಕಿನಲ್ಲೇ ಇತ್ತು. 2009ರ ಆಗಸ್ಟ್ 9ರಂದು ಅದರ ಅನಾವರಣವಾಯಿತು. ನಾಲ್ಕೇ ದಿನಗಳಲ್ಲಿ, ಆಗಸ್ಟ್ 13ರಂದು, ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಒಬ್ಬರನ್ನು ಇಳಿಸದೆ ಇಬ್ಬರಿಗೂ ಜಾಗ ಸಿಕ್ಕಿತು.

ಇವುಗಳಿಂದ ನಾವು ಕಲಿಯಬೇಕಾದದ್ದೇನು? ಯಾವುದೇ ಸ್ಮಾರಕವನ್ನು ಪೂಜಿಸುವ ಅಥವಾ ಕೆಡಹುವ ಮುನ್ನ ಅದನ್ನು ಓದಬೇಕು. ನಿಲ್ಲಿಸಿದವರು ಯಾರು, ಯಾವ ಕಾಲದಲ್ಲಿ, ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ ಎಂದು ವಿಚಾರಿಸಬೇಕು.

ನಮ್ಮ ಸೀಮೆಯೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆ ದಿನಗಳನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಅವರ ನೆನಪುಗಳು ಒಂದೇ ತೆರನಾಗಿಲ್ಲ. ಒಬ್ಬರಿಗೆ ಬಿಡುಗಡೆಯಾದದ್ದು ಇನ್ನೊಬ್ಬರಿಗೆ ಭಯವೂ ಆಗಿರಬಹುದು. ಎರಡನ್ನೂ ಕೇಳೋಣ, ಬರೆದಿಡೋಣ. ಆಗ ನಮ್ಮ ಮಕ್ಕಳು ಕಲ್ಲಿನ ಅರ್ಥ ಕೇಳಿದಾಗ ನಾವು ಪೂರ್ತಿ ಸತ್ಯವನ್ನೇ ಹೇಳಬಲ್ಲೆವು.