ಹಿತ್ತಿಲಿನ ಪರದೇಶಿ

ಶಿವರಾತ್ರಿ ಕಳೆದು ಚಳಿ ಹಿಮ್ಮೆಟ್ಟಿತೆಂದರೆ ನಾನು ಹಿತ್ತಿಲಿನ ಪಾತಿ ಕೆದಕಿ, ಗೊಬ್ಬರ ಬೆರೆಸಿ, ಮೆಣಸಿನಕಾಯಿಯ ಸಸಿ ನೆಡುತ್ತೇನೆ. ಬೀಜದ ತಳಿ ನಮ್ಮ ತಾಯಿ ಕಾಪಿಟ್ಟು ಹೋದದ್ದು.

ನಮ್ಮದೆಂದೇ ನಂಬಿದ ಈ ಗಿಡದ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಆ ಕಡೆಯ ದ್ವೀಪಗಳನ್ನು ಮುಟ್ಟಿದ ಮೇಲೆ ಅದು ಯೂರೋಪಿಗೆ ಬಂತು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗೇರಿ ನಮ್ಮ ಪಶ್ಚಿಮ ಕರಾವಳಿಗಿಳಿಯಿತು. ಅದುವರೆಗೆ ನಮ್ಮ ಸಾರಿಗೆ ಖಾರ ಕೊಟ್ಟದ್ದು ಮಲೆನಾಡಿನ ಮೆಣಸು. ಹೊಸಬನಿಗೆ ಹಳಬನ ಹೆಸರನ್ನೇ ಹಚ್ಚಿ ಮೆಣಸಿನಕಾಯಿ ಎಂದೆವು; ಹಳಬ ಕಾಳುಮೆಣಸಾದ.

ಈ ಚರಿತ್ರೆಯನ್ನು ಮರೆಯದಿರುವುದು ನಮ್ಮ ಮನೆಯ ಶ್ರಾದ್ಧದ ಅಡಿಗೆಯೊಂದೇ. ಅಂದು ಮೆಣಸಿನಕಾಯಿ ಒಲೆಯ ಬಳಿ ಸುಳಿಯಕೂಡದು. ಬರುವ ತಿಂಗಳು ತಾಯಿಯ ತಿಥಿ. ಆಕೆ ನೀರೆರೆದು ಬೆಳೆಸಿದ ತಳಿ ಆಕೆಯ ಎಲೆಗೆ ಮಾತ್ರ ಸಲ್ಲದು. ಅತಿಥಿಯೊಬ್ಬ ಮನೆಯವನಾಗಲು 400 ವರ್ಷವೂ ಸಾಲದೆ?