ಅಂಚೆಚೀಲದ ಹಾದಿ ಹಿಡಿದ ಆರು ಅಂಕಿ

ಭಾರತದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಹಿರಿಯ ಅಧಿಕಾರಿಯಾಗಿದ್ದ, ಸಂಸ್ಕೃತ ಕವಿಯೆಂದೂ ಹೆಸರಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ರಾಂಪುರ, ಹೊಸಹಳ್ಳಿಗಳಂತಹ ಹೆಸರಿನ ಊರುಗಳು ಹತ್ತಾರು ಕಡೆ ಇದ್ದುದರಿಂದಲೂ, ಒಂದು ಲಿಪಿಯಲ್ಲಿ ಬರೆದ ವಿಳಾಸವನ್ನು ಇನ್ನೊಂದು ಲಿಪಿಯ ನಾಡಿನಲ್ಲಿ ಕುಳಿತ ಸಾರ್ಟರ್, ಅಂದರೆ ಕಾಗದಗಳನ್ನು ಊರುವಾರು ವಿಂಗಡಿಸುವ ನೌಕರ, ಓದಲಾಗದೆ ತಡವರಿಸುತ್ತಿದ್ದುದರಿಂದಲೂ, ಎಲ್ಲರಿಗೂ ಓದಲು ಬರುವ ಒಂದು ಗುರುತು ಬೇಕಾಗಿತ್ತು. ವಿಳಾಸಕ್ಕೆ ಗುರುತು ಹಾಕುವ ರೂಢಿ ಪಿನ್‌ಕೋಡಿಗಿಂತ ಹಳೆಯದು. ಲಂಡನ್ ನಗರವನ್ನು ಅಂಚೆಗಾಗಿ ವಿಭಾಗಿಸುವ ಕೆಲಸ 1857ರಲ್ಲೇ ಆರಂಭವಾಗಿತ್ತು. ಭಾರತದ ದೊಡ್ಡ ನಗರಗಳಲ್ಲಿಯೂ ವಲಯಸಂಖ್ಯೆಗಳಿದ್ದವು. ಬಸವನಗುಡಿಯ ವಿಳಾಸದ ಕೊನೆಯಲ್ಲಿ ಬರೆಯುತ್ತಿದ್ದ ‘ಬೆಂಗಳೂರು-4’ ಎಂಬುದೇ 560004ರ ಬಾಲದಲ್ಲಿ ಇಂದಿಗೂ ಉಳಿದುಕೊಂಡಿದೆ.

ಈ ಸಂಖ್ಯೆಯ ಮೊದಲ ಅಂಕಿ ದೇಶದ ಒಂದು ವಲಯವನ್ನು ಸೂಚಿಸುತ್ತದೆ. 1ರಿಂದ 8ರವರೆಗಿನವು ಭೂಪ್ರದೇಶಗಳಿಗೆ, 9 ಸೇನಾ ಅಂಚೆಗೆ ಮೀಸಲು. ಮೊದಲೆರಡು ಅಂಕಿಗಳು ಅಂಚೆ ವೃತ್ತವನ್ನು, ಅಂದರೆ ಸಾಮಾನ್ಯವಾಗಿ ಒಂದು ರಾಜ್ಯದಷ್ಟು ವಿಸ್ತಾರದ ಆಡಳಿತ ಘಟಕವನ್ನೋ ಅದರ ಒಂದು ಭಾಗವನ್ನೋ ತೋರಿಸುವುದರಿಂದ ಕರ್ನಾಟಕದ ಸಂಖ್ಯೆಗಳು 56ರಿಂದ 59ರೊಳಗೆ ಬರುತ್ತವೆ. ಮೂರನೆಯ ಅಂಕಿಯನ್ನೂ ಕೂಡಿಸಿಕೊಂಡರೆ ವಿಂಗಡಣಾ ಜಿಲ್ಲೆ ತಿಳಿಯುತ್ತದೆ. ಇದು ಕಂದಾಯ ಜಿಲ್ಲೆಯಲ್ಲ. ಒಂದು ವಿಂಗಡಣಾ ಕಚೇರಿಗೆ ಬಂದು ಸೇರುವ ಚೀಲಗಳ ವ್ಯಾಪ್ತಿ. ನಾಲ್ಕನೆಯದು ಅಲ್ಲಿಂದ ಹೊರಡುವ ಮಾರ್ಗಕ್ಕೆ ಸಂಬಂಧಿಸಿದ್ದು, ಕೇಂದ್ರಭಾಗಕ್ಕೆ ಸೊನ್ನೆ. ಕೊನೆಯ ಎರಡು, ಕಾಗದವನ್ನು ಬಟವಾಡೆ ಮಾಡುವ ಅಂಚೆ ಕಚೇರಿಯವು.

ಇದರ ಅರ್ಥ 577ರಲ್ಲಿ ಚೆನ್ನಾಗಿ ಕಾಣುತ್ತದೆ. ದಾವಣಗೆರೆಗೆ 577001, ಚಿಕ್ಕಮಗಳೂರಿಗೆ 577101, ಶಿವಮೊಗ್ಗಕ್ಕೆ 577201, ಭದ್ರಾವತಿಗೆ 577301, ಸಾಗರಕ್ಕೆ 577401, ಚಿತ್ರದುರ್ಗಕ್ಕೆ 577501. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. 1972ರಲ್ಲಿ ಅದು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಷ್ಟೇ. ಆದರೂ ಸೊನ್ನೆ ಸಂದದ್ದು ಅದಕ್ಕೇ ಹೊರತು ಜಿಲ್ಲಾ ಕೇಂದ್ರವಾಗಿದ್ದ ಚಿತ್ರದುರ್ಗಕ್ಕಲ್ಲ. ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದ ಮೇಲಿದೆ. ಶಿವಮೊಗ್ಗ ಬೀರೂರಿನಿಂದ, ಚಿತ್ರದುರ್ಗ ಚಿಕ್ಕಜಾಜೂರಿನಿಂದ ಕವಲೊಡೆದ ಹಾದಿಗಳಲ್ಲಿವೆ. ಚಿಕ್ಕಮಗಳೂರಿಗಂತೂ ರೈಲು ಬಂದದ್ದೇ 2013ರಲ್ಲಿ. ಓಡುವ ರೈಲಿನಲ್ಲಿಯೇ ಕಾಗದ ವಿಂಗಡಿಸುತ್ತಿದ್ದ ಆರ್.ಎಂ.ಎಸ್., ಅಂದರೆ ರೈಲ್ವೆ ಮೇಲ್ ಸರ್ವಿಸ್, ಅಂಚೆಯ ಬೆನ್ನೆಲುಬಾಗಿದ್ದ ಆ ಕಾಲದಲ್ಲಿ ಕಲೆಕ್ಟರರ ಕಚೇರಿಗಿಂತ ರೈಲು ನಿಲ್ದಾಣವೇ ಈ ಹಂಚಿಕೆಯಲ್ಲಿ ಹೆಚ್ಚು ತೂಗಿತೆಂದು ಊಹಿಸಲು ಇಷ್ಟು ಸಾಕು.

ನಗರದೊಳಗೆ ಇನ್ನೊಂದು ಕ್ರಮವಿದೆ. ಕೊನೆಯ ಅಂಕಿಗಳನ್ನು ಸಾಮಾನ್ಯವಾಗಿ ಕಚೇರಿ ತೆರೆದ ಸರದಿಯಂತೆ ಕೊಡುತ್ತ ಹೋದುದರಿಂದ ನೆರೆಹೊರೆಯ ಬಡಾವಣೆಗಳ ಸಂಖ್ಯೆಗಳು ಪಕ್ಕಪಕ್ಕದವಾಗಿರಬೇಕೆಂದಿಲ್ಲ. ಬಸವನಗುಡಿಗೆ ಅಂಟಿಕೊಂಡ ಚಾಮರಾಜಪೇಟೆ 560018. ಬೆಂಗಳೂರಿನ ದಕ್ಷಿಣದಂಚಿನ ಎಲೆಕ್ಟ್ರಾನಿಕ್ಸ್ ಸಿಟಿ ಮಾತ್ರ 560100. ನೂರನ್ನು ಮುಟ್ಟಿದ ಈ ಸಂಖ್ಯೆ ನಗರ ಯಾವ ದಿಕ್ಕಿಗೆ, ಎಷ್ಟು ತಡವಾಗಿ ಬೆಳೆಯಿತೆಂಬುದನ್ನೂ ಹೇಳುತ್ತದೆ.

ರಾಜ್ಯಗಳ ಗಡಿ ಬದಲಾದರೂ ಈ ಹಂಚಿಕೆ ಹೆಚ್ಚು ಅಲುಗಲಿಲ್ಲ. ಛತ್ತೀಸಗಢ ಮಧ್ಯಪ್ರದೇಶದಿಂದ ಬೇರೆಯಾದ ಮೇಲೂ 49ರಲ್ಲೇ ಇದೆ. 2014ರ ನಂತರವೂ ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ಮೊದಲ ಅಂಕಿ 5. ಪುದುಚೇರಿ ಕೇಂದ್ರಾಡಳಿತ ಪ್ರದೇಶವಂತೂ ಸುತ್ತಲಿನ ನಾಡುಗಳಲ್ಲಿ ಹಂಚಿಹೋಗಿದೆ: ಕೇರಳದ ನಡುವಿನ ಮಾಹೆ 673310, ಗೋದಾವರಿ ತೀರದ ಯಾನಂ 533464. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಕಾಸರಗೋಡು 1956ರಲ್ಲೇ ಕೇರಳಕ್ಕೆ ಸೇರಿದ್ದರಿಂದ 671 ಆಗಿ ಆರನೆಯ ವಲಯದಲ್ಲಿದ್ದರೆ, ಅದರ ಪಕ್ಕದ ಮಂಗಳೂರು 575 ಆಗಿ ಐದನೆಯದರಲ್ಲಿದೆ.

ಪಿನ್‌ಕೋಡ್ ಮೂಲತಃ ಗೆರೆ ಎಳೆದ ಕ್ಷೇತ್ರವಲ್ಲ, ಒಂದು ಕಚೇರಿಯ ಹೆಸರು; ಅದರ ವ್ಯಾಪ್ತಿ ಎಲ್ಲಿಯವರೆಗೆಂಬುದನ್ನು ತೀರ್ಮಾನಿಸುತ್ತಿದ್ದುದು ಅಂಚೆಯವನ ಬೀಟು, ಅಂದರೆ ಅವನು ದಿನವೂ ಸುತ್ತುವ ಹಾದಿ. ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿಗೆ ಇರುವ ಸಂಖ್ಯೆಗಳು ಸುಮಾರು 19 ಸಾವಿರ ಮಾತ್ರವಾದ್ದರಿಂದ, ಹಳ್ಳಿಗಳ ಶಾಖಾ ಕಚೇರಿಗಳು ಸಾಮಾನ್ಯವಾಗಿ ತಮ್ಮ ಮೇಲಿನ ಉಪ ಅಂಚೆ ಕಚೇರಿಯ ಸಂಖ್ಯೆಯನ್ನೇ ಹಂಚಿಕೊಳ್ಳುತ್ತವೆ. ಕಾಗದ ಹಂಚಲು ಇಷ್ಟು ಸಾಲುತ್ತಿತ್ತು, ಏಕೆಂದರೆ ಉಳಿದದ್ದು ಅಂಚೆಯವನಿಗೆ ಗೊತ್ತಿರುತ್ತಿತ್ತು. ಆ್ಯಂಬುಲೆನ್ಸಿಗೂ ಮನೆಬಾಗಿಲಿಗೆ ಸರಕು ತರುವ ಹುಡುಗನಿಗೂ ಅಷ್ಟು ಸಾಲದು. ಅಂಚೆ ಇಲಾಖೆ ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರಗಳ ಜೊತೆಗೂಡಿ 2025ರಲ್ಲಿ ಹೊರತಂದ ‘ಡಿಜಿಪಿನ್’ ದೇಶದ ನೆಲವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಹತ್ತು ಅಕ್ಷರಾಂಕಗಳ ಗುರುತು ಕೊಡುತ್ತದೆ. ಅದನ್ನು ಅಕ್ಷಾಂಶ ರೇಖಾಂಶಗಳಿಂದ ಲೆಕ್ಕಹಾಕುವುದರಿಂದ ಅಲ್ಲಿ ಅಂಚೆ ಕಚೇರಿ ಇದೆಯೇ, ರೈಲು ಹೋಗುತ್ತದೆಯೇ ಎಂಬ ಪ್ರಶ್ನೆ ಏಳುವುದಿಲ್ಲ.